ಬಾಯಿಮಾತಿನ ಬಾಕಿ

ನಮ್ಮೂರಿನ ಆಸ್ಪತ್ರೆಯಲ್ಲಿ ದುಡ್ಡು ಮುಟ್ಟುವುದಿಲ್ಲ. ಹೊಸಬರು ಯಾರಾದರೂ ಬಿಲ್ಲಿನ ಕಿಟಕಿಯ ಮುಂದೆ ನಿಂತು ಜೇಬಿಗೆ ಕೈಹಾಕಿದರೆ ಸರದಿಯಲ್ಲಿದ್ದವರು ಮುಖ ತಿರುಗಿಸಿಕೊಂಡು ನಗುತ್ತಾರೆ. ದೊಡ್ಡ ಕಾಯಿಲೆ ವಾಸಿಯಾಗಬೇಕಾದರೆ ಅದನ್ನು ಚಿಲ್ಲರೆ ಮಾಡಿಸಿ ನೆಂಟರಿಷ್ಟರು ಹಂಚಿಕೊಳ್ಳಬೇಕು. ಒಬ್ಬರ ಅಪೆಂಡಿಕ್ಸಿಗೆ ಅಣ್ಣ ವಾರಗಟ್ಟಲೆ ಬಿಕ್ಕಳಿಸುತ್ತಾನೆ, ಚಿಕ್ಕಮ್ಮ ಸೀನುತ್ತಾಳೆ, ಭಾವಮೈದುನನ ಬೆನ್ನು ತುರಿಸುತ್ತದೆ, ಅಲ್ಲಿಗೆ ಬಿಲ್ಲು ಚುಕ್ತಾ. ಹಂಚಿಕೊಳ್ಳುವವರು ಸಾಲದೆ ಹೋದರೆ ವಾಸಿಯಾದ ಕಾಯಿಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ವಾಪಸು ಬರುತ್ತದೆ. ಇದು ಯಾಕೆ ಹೀಗೆ ಎಂದು ನಮ್ಮಜ್ಜನೂ ಕೇಳಲಿಲ್ಲ, ನಾನೂ ಕೇಳಿಲ್ಲ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಹುಡುಗಿಯ ಅಪ್ಪನ ರಕ್ತದೊತ್ತಡ ವಿಚಾರಿಸುವುದು, ಮಾವನ ಹರ್ನಿಯಾಕ್ಕೆ ತಿಂಗಳಿಡೀ ಬಿಕ್ಕಳಿಸಿದ ಅಳಿಯನನ್ನು ಬೀದಿಯವರೆಲ್ಲ ಕೊಂಡಾಡುವುದು, ಇವೆಲ್ಲ ನಮ್ಮಲ್ಲಿ ಸಹಜ.

ಆ ಕಿಟಕಿಯಲ್ಲಿ ಬಹಳ ಕಾಲ ಸಂಜೀವಯ್ಯ ಎಂಬ ಗುಮಾಸ್ತರು ಕೂರುತ್ತಿದ್ದರು. ಅವರ ಮುಂದೆ ಸಂತೆಯಲ್ಲಿ ನಡೆಯುವಂಥದೇ ಚೌಕಾಸಿ. "ಕೆಮ್ಮು ಬೇಡ ಸ್ವಾಮಿ, ಮುಂದಿನ ವಾರ ಮಗಳ ನಿಶ್ಚಿತಾರ್ಥ ಇದೆ" ಎಂದರೆ, "ಹಾಗಾದ್ರೆ ತುರಿಕೆ ತಗೊಳ್ಳಿ. ಬೆನ್ನಿಗೆ ಬರೀತೀನಿ, ಶರಟು ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ" ಎನ್ನುತ್ತಿದ್ದರು. ಅಣ್ಣತಮ್ಮಂದಿರು ಅಲ್ಲೇ ಹಳೆಯ ಲೆಕ್ಕ ತೆಗೆದು ಜಗಳಕ್ಕೆ ಬೀಳುತ್ತಿದ್ದರು, ಅತ್ತಿಗೆಯರು ಅಳುತ್ತಿದ್ದರು, ಸಂಜೀವಯ್ಯ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಬಿಲ್ಲು ಮುಗಿಯುವುದರೊಳಗೆ ಒಳಗಿದ್ದ ರೋಗಿಗೆ ಇನ್ನೊಂದು ರೋಗ ಅಂಟಿಕೊಳ್ಳುತ್ತಿತ್ತು. ಇದನ್ನೆಲ್ಲ ನೋಡಿ ಸಾಕಾಗಿ ಆಸ್ಪತ್ರೆಯವರು ಯಂತ್ರ ತರಿಸಿದರು.

'ಕೃತಕ ಬುದ್ಧಿಮತ್ತೆಯ ಸ್ವಯಂಚಾಲಿತ ಬಿಲ್ಲು ಮತ್ತು ಪಾವತಿ ಸೇವೆ' ಎಂದು ಹಲಗೆ ಹಾಕಿದ್ದರು. ಅಷ್ಟುದ್ದದ ಹೆಸರು ಊರಿನವರ ಬಾಯಿಗೆ ಹಿಡಿಸಲಿಲ್ಲ, ಅದು ಬುದ್ಧಿರಾಯ ಆಯಿತು. ಬುದ್ಧಿರಾಯನಿಗೆ ಮೈಯಿಲ್ಲ. ಪ್ರತಿ ಹಾಸಿಗೆಯ ತಲೆದೆಸೆಯಲ್ಲಿ ಒಂದು ಚಿಕ್ಕ ಡಬ್ಬಿ, ಬಿಲ್ಲಿನ ಕಿಟಕಿಯಲ್ಲಿ ಒಂದು ದೊಡ್ಡ ಡಬ್ಬಿ, ಊರಿನ ಎಲ್ಲರ ಫೋನಿನಲ್ಲೂ ಅವನ ದನಿ. ಆ ದನಿಯೋ, ಹೊಸ ಅಳಿಯ ಮೊದಲ ಸಲ ಅತ್ತೆಯ ಮನೆಗೆ ಬಂದಾಗ ಇರುತ್ತದಲ್ಲ, ಅಷ್ಟು ವಿನಯದ್ದು. ಇನ್ನು ಕಿಟಕಿಗೆ ಬಂದು ಚೌಕಾಸಿ ಮಾಡುವಂತಿಲ್ಲ, ಯಾರು ಏನನ್ನು ಹೊರುತ್ತಾರೆ ಎಂದು ಅವನೇ ಕೇಳಿಸಿಕೊಂಡು, ಅವನೇ ಹಂಚಿ, ಅವನೇ ತಿಳಿಸುತ್ತಾನೆ ಎಂದರು. ಸಂಜೀವಯ್ಯ ನಿವೃತ್ತರಾಗಿ ಎದುರಿನ ಬೆಂಚಿಗೆ ಬಂದು ಕೂತರು. ಎಲೆಯಡಿಕೆ ಮಾತ್ರ ನಿಲ್ಲಲಿಲ್ಲ.

ಈಗ ನನ್ನ ಹೆಂಡತಿ ಪಂಕಜಾಕ್ಷಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಆಸ್ಪತ್ರೆ ಎಂದರೆ ತವರುಮನೆ. ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಡಾಕ್ಟರಿಗಿಂತ ಮೊದಲು ಅವಳಿಗೆ ಸುದ್ದಿ ಮುಟ್ಟುತ್ತಿತ್ತು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಮೆಣಸಿನ ಸಾರನ್ನ ತುಂಬಿಸಿಕೊಂಡು ಹೊರಟುಬಿಡುವಳು. ಹಾಸಿಗೆಯ ಅಂಚಿನಲ್ಲಿ ಕೂತು, ರೋಗಿಯ ಕೈಹಿಡಿದು, "ಅಯ್ಯೋ, ನಿಮಗೇ ಬರಬೇಕಿತ್ತಾ ಇದು? ನಿಮ್ಮ ನೋವು ನಮ್ಮ ನೋವಲ್ವಾ? ಏನೂ ಯೋಚನೆ ಮಾಡ್ಬೇಡಿ, ನಾನಿಲ್ವಾ?" ಎಂದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಅದು ಬಾಯಿಮಾತು ಎಂದು ಅವಳಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅವೇಳೆಯಲ್ಲಿ ಬಂದವರಿಗೆ ನಾವು "ಊಟ ಮಾಡ್ಕೊಂಡು ಹೋಗಿ" ಅನ್ನುವುದಿಲ್ಲವೇ, ಅವರು ಹಸಿದ ಹೊಟ್ಟೆಯಲ್ಲೇ "ಈಗ ತಾನೇ ಆಯ್ತು" ಅನ್ನುವುದಿಲ್ಲವೇ, ಹಾಗೆ. ಇಡೀ ಊರು ರೋಗಿಗಳ ಮುಂದೆ ಹೀಗೇ ಮಾತಾಡುತ್ತಿತ್ತು. ಸಂಜೀವಯ್ಯ ಆ ಮಾತುಗಳನ್ನು ಒಂದು ದಿನವೂ ಬಿಲ್ಲಿಗೆ ಸೇರಿಸಿದವರಲ್ಲ.

ನಾನು ಅವಳಿಗೆ ತದ್ವಿರುದ್ಧ. ಪೇಟೆಬೀದಿಯಲ್ಲಿ ದೇವರ ಪಟಗಳಿಗೆ, ಮದುವೆಯ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಗಾಜು ಕೊಯ್ಯುವಾಗ ಮಾತಾಡಿದರೆ ಕೈ ತಪ್ಪುತ್ತದೆ. ಅಂಗಡಿಯ ಅಭ್ಯಾಸ ಮನೆಗೂ ಬಂದು, ಅವಳ ಹತ್ತು ಮಾತಿಗೆ ನನ್ನದು ಒಂದು ಹೂಂ. "ಇದಕ್ಕಿಂತ ಗೋಡೆ ಜೊತೆ ಸಂಸಾರ ಮಾಡ್ಬಹುದಿತ್ತು, ಗೋಡೆಗಾದ್ರೂ ಕಿವಿ ಇರತ್ತೆ ಅಂತಾರೆ" ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಬುದ್ಧಿರಾಯ ಬಂದ ಮೊದಲ ವಾರವೇ ಪಂಕಜಾಕ್ಷಿಗೆ ಫೋನ್ ಬಂತು. "ನಮಸ್ಕಾರ, ಶ್ರೀಮತಿ ಪಂಕಜಾಕ್ಷಿಯವರೇ. ತಾವು ನಿನ್ನೆ ಅಕ್ಕಸಾಲಿ ಮೌನೇಶಾಚಾರ್ಯರ ಹಾಸಿಗೆಯ ಬಳಿ 'ನಿಮ್ಮ ನೋವು ನಮ್ಮ ನೋವಲ್ಲವೇ' ಎಂದಿದ್ದೀರಿ. ತಮ್ಮ ಉದಾರ ಮನಸ್ಸಿಗೆ ಧನ್ಯವಾದ. ನಾಳೆ ಬೆಳಗಿನಿಂದ ತಮ್ಮ ಎಡಗಾಲಿಗೆ ಒಂದು ಆಣಿ ಜಮಾ ಆಗುತ್ತದೆ." ಯಾರೋ ತಮಾಷೆ ಮಾಡುತ್ತಿದ್ದಾರೆಂದು ಅವಳು ನಕ್ಕಳು. ಬೆಳಿಗ್ಗೆ ಎದ್ದು ಕಾಲಿಟ್ಟವಳು "ಅಮ್ಮಾ" ಎಂದು ಕೂತುಬಿಟ್ಟಳು. ಅದೇ ಹೊತ್ತಿಗೆ ಬೀದಿಯ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡು, ಕುಂಟುವವರು, ಬಿಕ್ಕಳಿಸುವವರು, ಕತ್ತು ತಿರುಗಿಸಲಾರದವರು ಆಸ್ಪತ್ರೆಯ ಕಡೆಗೆ ಹೊರಟಿದ್ದರು. ಎಲ್ಲರೂ ಹಿಂದಿನ ದಿನ ಯಾರದೋ ಹಾಸಿಗೆಯ ಪಕ್ಕ ಎರಡು ಒಳ್ಳೆಯ ಮಾತಾಡಿದವರೇ.

ಕಿಟಕಿಯ ಮುಂದೆ ದೊಡ್ಡ ಗಲಾಟೆ ಆಯಿತು. ಬುದ್ಧಿರಾಯ ಒಂದಿಷ್ಟೂ ಬೇಸರಿಸಿಕೊಳ್ಳದೆ, "ತಾವು ಆಡಿದ್ದು ಬರೀ ಬಾಯಿಮಾತಾಗಿದ್ದರೆ ದಯವಿಟ್ಟು ತಿಳಿಸಿ, ತಕ್ಷಣ ರದ್ದು ಮಾಡಲಾಗುವುದು. ರೋಗಿಗೆ ಕೇಳಿಸುವಂತೆ ಅವರ ಎದುರಿಗೆ ನಿಂತು ಹೇಳಿದರೆ ಸಾಕು" ಎಂದ. ಗಲಾಟೆ ತಣ್ಣಗಾಯಿತು. ಹಾಸಿಗೆಯಲ್ಲಿ ಮಲಗಿದವರ ಮುಖ ನೋಡಿಕೊಂಡು, ನಾನು ಅಂದದ್ದು ಬಾಯಿಮಾತು ಅನ್ನುವುದಕ್ಕಿಂತ ಬಿಕ್ಕಳಿಸುವುದೇ ಮೇಲು ಎಂದು ಕೆಲವರು ಮನೆಗೆ ಹೋದರು. ಇನ್ನು ಕೆಲವರು ಒಳಗೆ ಹೋಗಿ ನೆಲ ನೋಡುತ್ತಾ ಗೊಣಗಿ ಬಂದರು. ಅವರ ನೋವೇನೋ ನಿಂತಿತು, ಆದರೆ ಅವರ ಮನೆಯ ಮದುವೆ ಮುಂಜಿಗಳಲ್ಲಿ ಆಮೇಲೆ ಒಂದೊಂದು ಪಂಕ್ತಿ ಖಾಲಿ ಇರುತ್ತಿತ್ತು.

ಜನ ಹುಷಾರಾದರು. ರೋಗಿಯನ್ನು ನೋಡಲು ಹೋದವರು ಕಿತ್ತಳೆ ಹಣ್ಣು ಇಟ್ಟು, ಮಳೆಬೆಳೆಯ ಮಾತಾಡಿ, ಫ್ಯಾನು ನೋಡುತ್ತಾ ಕೂತು ಎದ್ದು ಬರುತ್ತಿದ್ದರು. ವಕೀಲರೊಬ್ಬರು ಯಾವ ಅಪಾಯವೂ ಇಲ್ಲದ ಒಂದು ವಾಕ್ಯ ಮಾಡಿಕೊಟ್ಟರು. 'ಸಂಬಂಧಪಟ್ಟವರು ನಿಮ್ಮ ಕಷ್ಟವನ್ನು ಗಮನಿಸಲಿ ಎಂದು ಹಾರೈಸುತ್ತೇನೆ.' ಅದನ್ನು ಬಾಯಿಪಾಠ ಮಾಡಿಕೊಂಡು ಹೋಗುವವರೇ ಹೆಚ್ಚಾದರು. ರೋಗಿಗಳೇನು ಕಡಿಮೆಯೇ? "ನನ್ನ ಸ್ಥಿತಿ ನೋಡಿದ್ರೆ ನಿಮಗೇನನ್ನಿಸತ್ತೆ, ಬಾಯಿ ಬಿಟ್ಟು ಹೇಳಿ" ಎಂದು ಬಂದವರನ್ನು ಕೆಣಕುತ್ತಿದ್ದರು. ಬಿಲ್ಲಿನ ಸರದಿ ಕರಗಿತು, ತಪ್ಪು ಲೆಕ್ಕ ನಿಂತಿತು, ಆಸ್ಪತ್ರೆ ಮಾತ್ರ ಬಿಕೋ ಎನ್ನುತ್ತಿತ್ತು.

ಬದಲಾಗದವಳು ಪಂಕಜಾಕ್ಷಿ ಒಬ್ಬಳೇ. ಆಣಿ ಕಾಲಿನಲ್ಲೇ ಕುಂಟುತ್ತಾ ಹೋದಳು, ಹೋದಲ್ಲೆಲ್ಲ ಅದೇ ಮಾತಾಡಿದಳು. ಬಲಗಣ್ಣು ಅದುರಿತು, ಬಾಯಲ್ಲಿ ಹುಣ್ಣಾಯಿತು, ಅಂಗೈ ತುರಿಸಿತು. ಅಂಗೈ ತುರಿಸಿದರೆ ದುಡ್ಡು ಬರುತ್ತದೆಂದು ಅದಕ್ಕೂ ಖುಷಿಪಟ್ಟಳು. "ಮಾತು ಕಮ್ಮಿ ಮಾಡು" ಎಂದೆ. ಅದು ನಾನು ಆ ತಿಂಗಳು ಆಡಿದ ಅತಿ ಉದ್ದದ ವಾಕ್ಯ.

"ಹಾಸಿಗೆ ಮೇಲೆ ಮಲಗಿರೋರನ್ನ ನೋಡಿದ್ರೆ ನನ್ನ ಬಾಯಿ ತಾನಾಗೇ ಹಂಗನ್ನತ್ತೆ, ನಾನೇನ್ರೀ ಮಾಡ್ಲಿ?"

"ಹೋಗಿ ವಾಪಸ್ ತಗೋ."

"ಉಗುಳಿ ನೆಕ್ಕೋದಾ? ನನ್ನ ಕೈಲಾಗಲ್ಲಪ್ಪ."

ಹೀಗಿರುವಾಗ ಶ್ರಾವಣದಲ್ಲಿ ಪಕ್ಕದ ಮನೆಯ ದಾಕ್ಷಾಯಣಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಮಗೂ ಅವರಿಗೂ ಮಾತು ನಿಂತಿತ್ತು. ಅವರ ನುಗ್ಗೆಮರದ ಒಂದು ಕೊಂಬೆ ನಮ್ಮ ಕಾಂಪೌಂಡಿನೊಳಕ್ಕೆ ಬಾಗಿತ್ತು. ಅದರ ಕಾಯಿ ಯಾರಿಗೆ ಸೇರಬೇಕು ಎಂಬುದರ ಮೇಲೆ ಪಂಕಜಾಕ್ಷಿಯೂ ಅವರೂ ಗೋಡೆಯ ಆಚೀಚೆ ನಿಂತು ಆಡಿದ ಜಗಳ ಬೀದಿಗೆಲ್ಲ ಗೊತ್ತು. ಆದರೂ ಆಸ್ಪತ್ರೆ ಎಂದರೆ ಆಸ್ಪತ್ರೆಯೇ. ಪಂಕಜಾಕ್ಷಿ ಫ್ಲಾಸ್ಕು ತೊಳೆದಳು, ನನ್ನನ್ನೂ ಎಬ್ಬಿಸಿಕೊಂಡು ಹೊರಟಳು.

ಆಪರೇಷನ್ ಆಗಿತ್ತು. ದಾಕ್ಷಾಯಣಮ್ಮ ಸುಣ್ಣದ ಗೋಡೆಯಷ್ಟು ಬೆಳ್ಳಗಾಗಿ ಮಲಗಿದ್ದರು. ಅವರ ಅಣ್ಣಂದಿರಿಬ್ಬರು ವಕೀಲರ ವಾಕ್ಯವನ್ನು ಒಟ್ಟಿಗೇ ಒಪ್ಪಿಸಿ ಆಗ ತಾನೇ ಹೋಗಿದ್ದರು. ಗಂಡನ ಎದೆ ಮೊದಲೇ ಸರಿಯಿಲ್ಲ, ಅವರ ಮೈಗೆ ಒಂದು ಸೀನು ಬರೆದರೂ ಹೆಚ್ಚು. ಪಂಕಜಾಕ್ಷಿ ಅಂಚಿನಲ್ಲಿ ಕೂತು ಕೈಹಿಡಿದುಕೊಂಡಳು. ಜಗಳ ಆಡಿದ್ದರ ಅಳುಕು ಬೇರೆ ಇತ್ತಲ್ಲ, ಅದಕ್ಕೇ ಮಾತು ಎಂದಿಗಿಂತ ಒಂದು ಹಿಡಿ ಹೆಚ್ಚೇ ಬಂತು. "ನಿಮ್ಮ ನೋವೆಲ್ಲಾ ನನಗೇ ಬರ್ಲಿ ದಾಕ್ಷಾಯಣಮ್ಮ, ನೀವು ಎದ್ದು ಓಡಾಡಿದ್ರೆ ಸಾಕು." ಬಾಗಿಲಲ್ಲಿ ನಿಂತಿದ್ದ ನಾನು ಕೆಮ್ಮಿದೆ, ಕೆಮ್ಮಿ ಕೆಮ್ಮಿ ನರ್ಸು ಬಂದು ವಿಚಾರಿಸುವಂತಾಯಿತು. ಅವಳು ತಿರುಗಿಯೂ ನೋಡಲಿಲ್ಲ.

ಸಂಜೆ ಫೋನ್ ಬಂತು. "ತಾವು 'ಎಲ್ಲಾ' ಎಂದಿರುವುದರಿಂದ ಪೂರ್ತಿ ಬಿಲ್ಲು ತಮ್ಮ ಹೆಸರಿಗೆ ಬಂದಿದೆ. ಆದರೆ ತಮ್ಮ ಮೈಯಲ್ಲಿ ಈಗಾಗಲೇ ಆಣಿ, ಹುಣ್ಣು, ತುರಿಕೆ ಮುಂತಾದವು ಇರುವುದರಿಂದ ಇನ್ನು ಸಣ್ಣಪುಟ್ಟದ್ದಕ್ಕೆ ಜಾಗವಿಲ್ಲ. ಸೊಂಟದ ಮೂಳೆಗೆ ಸರಿದೂಗುವಂಥದ್ದು ತಮ್ಮಲ್ಲಿ ಒಂದೇ ಇದೆ. ಅದು ತಮ್ಮ ದನಿ. ಬರುವ ಯುಗಾದಿಯವರೆಗೆ ಅದನ್ನು ಹಿಡಿದುಕೊಳ್ಳಲಾಗುತ್ತದೆ. ರದ್ದು ಮಾಡಿಸುವುದಿದ್ದರೆ ನಾಳೆ ಸಂಜೆಯೊಳಗೆ ಬರಬಹುದು. ರದ್ದಾದರೆ ರೋಗಿ ಮತ್ತೆ ನಡೆಯಲಾರರು ಎಂಬುದನ್ನು ವಿಷಾದದಿಂದ ತಿಳಿಸುತ್ತೇವೆ."

ಪಂಕಜಾಕ್ಷಿ ಫೋನು ಕೆಳಗಿಟ್ಟು ಸುಮ್ಮನೆ ಕೂತಳು. ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಶ್ರಾವಣದಿಂದ ಯುಗಾದಿಯವರೆಗೆ ನಿಶ್ಶಬ್ದವಾಗಿ ಪೇಪರು ಓದಬಹುದು ಎಂಬ ಯೋಚನೆ ನನ್ನ ತಲೆಯಲ್ಲಿ ಒಮ್ಮೆ ಸುಳಿದುಹೋಯಿತು. ಆದರೆ ಅವಳ ಮುಖ ನೋಡಿದೆ. ಮಾತೇ ಹೋದರೆ ಪಂಕಜಾಕ್ಷಿಯಲ್ಲಿ ಉಳಿಯುವುದೇನು? ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೋದೆ.

"ಅವಳ ಬದಲು ನನ್ನ ದನಿ ತಗೋ" ಎಂದೆ ಕಿಟಕಿಯ ಮುಂದೆ ನಿಂತು.

ಬುದ್ಧಿರಾಯ ಎಂದಿನ ವಿನಯದಲ್ಲೇ ಉತ್ತರಿಸಿದ. "ಶ್ರೀ ಚನ್ನವೀರಪ್ಪನವರೇ, ತಮ್ಮ ದನಿಯನ್ನು ಪರಿಶೀಲಿಸಲಾಯಿತು. ಬಳಕೆ ಅತಿ ಕಡಿಮೆ. ಇದು ಇಲ್ಲವಾದರೆ ಯಾರಿಗೂ ಗೊತ್ತಾಗುವ ಸಂಭವ ಇಲ್ಲ. ಆದ್ದರಿಂದ ಇದರ ಮೇಲೆ ಒಂದೆರಡು ಸೀನುಗಳಿಗಿಂತ ಹೆಚ್ಚಿಗೆ ಕೊಡಲು ಬರುವುದಿಲ್ಲ. ಕ್ಷಮಿಸಿ."

ನನಗೆ ಅವಮಾನವಾಯಿತು. ಬೆಂಚಿನ ಮೇಲಿದ್ದ ಸಂಜೀವಯ್ಯನವರ ಕಡೆ ತಿರುಗಿ, "ನೋಡಿ ಸ್ವಾಮಿ, ಏನನ್ನತ್ತೆ ಇದು" ಎಂದೆ.

ಅವರು ಎಲೆಗೆ ಸುಣ್ಣ ಸವರುತ್ತಾ, "ನಾನಿದ್ದಿದ್ರೂ ಅಷ್ಟೇ ಬರೀತಿದ್ದೆ ಕಣಯ್ಯ" ಎಂದರು.

ಮಾರನೆಯ ದಿನ ಪಂಕಜಾಕ್ಷಿ ಇಸ್ತ್ರಿಯಾದ ಸೀರೆ ಉಟ್ಟಳು. ವಾಪಸು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದಳು. "ನನಗೇನು ಹುಚ್ಚಾ? ನುಗ್ಗೇಕಾಯಿ ಒಂದು ಕೊಡೋಕೆ ಮನಸ್ಸಿಲ್ಲದೋರಿಗೆ ನನ್ನ ಗಂಟಲು ಕೊಡ್ಲಾ? ಅವರಣ್ಣಂದಿರಿಗೇ ಇಲ್ಲದ್ದು ನನಗ್ಯಾಕೆ?" ದಾರಿಯುದ್ದಕ್ಕೂ ಅಭ್ಯಾಸ ಮಾಡಿದಳು. "ನಾನು ಅಂದಿದ್ದು ಬರೀ ಬಾಯಿಮಾತು. ನಾನು ಅಂದಿದ್ದು ಬರೀ ಬಾಯಿಮಾತು." ಎದುರು ಸಿಕ್ಕವರು ಮಂತ್ರ ಹೇಳಿಕೊಳ್ಳುತ್ತಿದ್ದಾಳೆಂದು ದಾರಿ ಬಿಟ್ಟರು. ನನಗೂ ಅವಳು ಹೇಳಿಬಿಡಲಿ ಎಂದೇ ಇತ್ತು.

ದಾಕ್ಷಾಯಣಮ್ಮ ದಿಂಬಿಗೆ ಒರಗಿ ಕೂತಿದ್ದರು. ನಮ್ಮನ್ನು ನೋಡಿ ಅವರೇ ಶುರು ಮಾಡಿದರು. "ಬಂದ್ರಾ? ಯಾಕೆ ಬಂದ್ರಿ ಅಂತ ಗೊತ್ತು. ಹೇಳಿಬಿಡಿ ಪಂಕಜಾಕ್ಷಿ, ನಾನೇನೂ ಅಂದ್ಕೊಳ್ಳಲ್ಲ. ಬೆಳಿಗ್ಗೆ ನರ್ಸು ಹಿಡ್ಕೊಂಡು ಬಾಗಿಲವರೆಗೆ ನಡೆಸಿದ್ಲು. ಅಷ್ಟು ನಡೆದೆನಲ್ಲ, ಸಾಕು ಬಿಡಿ." ಅಷ್ಟು ಹೇಳಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಪಂಕಜಾಕ್ಷಿ ಎದುರಿಗೆ ಹೋಗಿ ನಿಂತಳು. ತಲೆದೆಸೆಯ ಡಬ್ಬಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. "ನಾನು ಅಂದಿದ್ದು..." ಎಂದಳು. ಗಂಟಲು ಸರಿಮಾಡಿಕೊಂಡಳು. "ನಾನು ಅಂದಿದ್ದು..." ಎಂದು ಮತ್ತೆ ಅಂದಳು. ದಾಕ್ಷಾಯಣಮ್ಮನ ಜಡೆ ಬಿಚ್ಚಿ ದಿಂಬಿನ ಮೇಲೆ ಹರಡಿತ್ತು. ಪಂಕಜಾಕ್ಷಿಯ ಕೈ ತಾನಾಗಿಯೇ ಹೋಗಿ ಆ ಕೂದಲನ್ನು ಒತ್ತರಿಸಿತು. ಕೈ ಹಾಸಿಗೆಯ ಹತ್ತಿರ ಹೋದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? "ಏನೂ ಯೋಚನೆ ಮಾಡ್ಬೇಡಿ ದಾಕ್ಷಾಯಣಮ್ಮ," ಎಂದುಬಿಟ್ಟಳು, "ನಾನಿಲ್ವಾ?"

"ಧನ್ಯವಾದ," ಎಂದಿತು ಡಬ್ಬಿ. "ಖಚಿತವಾಗಿದೆ. ನಾಳೆ ಬೆಳಗಿನಿಂದ ಜಾರಿಗೆ ಬರುತ್ತದೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡಳು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಹೇಳೋಕೆ ಬಂದಿದ್ದೇನು, ಹೇಳಿದ್ದೇನು!" ಅಳುತ್ತಾ ಅಳುತ್ತಾ ನಗುವೂ ಬಂತು ಅವಳಿಗೆ. ಫ್ಲಾಸ್ಕನ್ನು ನಾನು ಹಿಡಿದುಕೊಂಡೆ.

ಅಂದು ಮನೆಗೆ ಬಂದವಳು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಮಾತಾಡಿದಳು. ಹುಳಿಪುಡಿ ಯಾವ ಡಬ್ಬಿಯಲ್ಲಿದೆ, ಹಾಲಿನವನು ನೀರು ಬೆರೆಸಿದರೆ ಏನನ್ನಬೇಕು, ಎಲ್ಲವನ್ನೂ ಹೇಳಿದಳು. "ನನ್ನ ತಂಗಿಗೆ ಆಗಾಗ ಫೋನ್ ಮಾಡಿ. ಅಕ್ಕ ಚೆನ್ನಾಗಿದಾಳೆ ಅಂತ ಅಷ್ಟೇ ಅಂದು ಇಟ್ಬಿಡ್ಬೇಡಿ, ಅವಳ ಮಂಡಿನೋವಿನ ವಿಷಯ ಕೇಳಿ, ಅವಳು ಹೇಳೋದು ಮುಗಿಯೋವರೆಗೂ ಕೇಳಿ." ನಾನು ಎಲ್ಲದಕ್ಕೂ ಹೂಂ ಅಂದೆ. ಬೆಳಿಗ್ಗೆ ಅವಳು "ರೀ" ಎಂದು ಬಾಯಿ ತೆರೆದಳು. ತುಟಿ ಮಾತ್ರ ಅಲ್ಲಾಡಿತು.

ನಿಶ್ಶಬ್ದವಾಗಿ ಪೇಪರು ಓದುವ ಸುಖ ಒಂದು ವಾರವೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಪಾತ್ರೆಗಳ ಸದ್ದು, ಅವಳ ಬಳೆಗಳ ಸದ್ದು, ಅಷ್ಟೇ. ಊಟಕ್ಕೆ ಕೂತರೆ ನಾನು ಅಗಿಯುವುದು ನನಗೇ ಕೇಳಿಸುತ್ತಿತ್ತು. ಒಂದು ದಿನ ತಡೆಯಲಾರದೆ, "ಇವತ್ತು ಅಂಗಡಿಗೆ ಒಬ್ಬ ಬಂದಿದ್ದ" ಎಂದೆ. ಅವಳು ತಟ್ಟೆಯಿಂದ ತಲೆಯೆತ್ತಿ ನೋಡಿದ ರೀತಿಗೆ ಮುಂದಕ್ಕೂ ಹೇಳಬೇಕಾಯಿತು. ಬಂದವನು ತನ್ನ ಹಳೆಯ ಮದುವೆಯ ಫೋಟೋದಲ್ಲಿ ಹೆಂಡತಿಯ ತಮ್ಮ ಕಾಣದ ಹಾಗೆ ಕಟ್ಟು ಹಾಕಿಕೊಡು ಎಂದದ್ದು, ತಮ್ಮ ನಟ್ಟನಡುವೆ ನಿಂತಿದ್ದದ್ದು. ಪಂಕಜಾಕ್ಷಿ ಸದ್ದಿಲ್ಲದೆ ನಕ್ಕಳು, ಭುಜಗಳು ಕುಣಿದವು. ಮಾರನೆಯ ದಿನ ಅಂಗಡಿಯಲ್ಲಿ ಕೂತು, ಇವಳಿಗೆ ಇವತ್ತು ಏನು ಹೇಳಲಿ ಎಂದು ಬಂದುಹೋಗುವವರನ್ನೆಲ್ಲ ಗಮನಿಸತೊಡಗಿದೆ.

ಆಸ್ಪತ್ರೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಕಾಫಿ ಅವಳದು, ಬಾಯಿ ನನ್ನದು ಎಂದಾಯಿತು. ಮೊದಲ ಸಲ ಗಿರಣಿಯ ಬಸವಣ್ಣೆಪ್ಪನ ಹಾಸಿಗೆಯ ಮುಂದೆ ನಿಂತು, "ಏನು, ಮಲಗಿದೀರಾ?" ಎಂದೆ. ಪಕ್ಕೆಗೆ ಅವಳ ಮೊಣಕೈ ಬಿತ್ತು. "ಸಂಬಂಧಪಟ್ಟವರು..." ಎಂದು ಶುರು ಮಾಡಿದೆ. ಇನ್ನೂ ಜೋರಾಗಿ ಬಿತ್ತು. ಕೊನೆಗೆ, "ನಿಮ್ಮ ನೋವು ನಮ್ಮ ನೋವಲ್ವೇ" ಎಂದು ಹೇಳಿ ಕಣ್ಣುಮುಚ್ಚಿಕೊಂಡೆ. ಬೆಳಿಗ್ಗೆ ಬಿಕ್ಕಳಿಕೆ ಬಂತು. ಗಾಜು ಕೊಯ್ಯುವಾಗ ಒಂದು ಬಿಕ್ಕಿದ್ದಕ್ಕೆ ಗಣಪತಿಯ ಪಟದ ಗಾಜು ಎರಡಾಯಿತು. ಆದರೆ ಬಸವಣ್ಣೆಪ್ಪ ನನ್ನ ಮಾತು ಕೇಳಿ ಅತ್ತಿದ್ದ. ಗಂಡಸೊಬ್ಬ ನನ್ನ ಮಾತಿಗೆ ಕಣ್ಣೀರಿಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾಲ್ಕಾರು ಹಾಸಿಗೆ ಸುತ್ತುವ ಹೊತ್ತಿಗೆ ನನಗೂ ಮಾತು ಕುದುರಿತು. ಹೇಳಿಕೊಟ್ಟದ್ದರ ಜೊತೆಗೆ ಅಂಗಡಿಯ ಒಂದೆರಡು ಪ್ರಸಂಗ ಸೇರಿಸಿ ರೋಗಿಗಳನ್ನು ನಗಿಸುತ್ತಿದ್ದೆ. ಹೊಲಿಗೆ ಬಿಚ್ಚಿಕೊಂಡೀತೆಂದು ನರ್ಸುಗಳು ನನ್ನನ್ನು ಹೊರಗೆ ಕಳಿಸಿದ್ದೂ ಉಂಟು.

ದಾಕ್ಷಾಯಣಮ್ಮ ಕೋಲೂರಿಕೊಂಡು ಮನೆಗೆ ಬಂದರು, ಆಮೇಲೆ ಕೋಲನ್ನೂ ಬಿಟ್ಟರು. ಗೋಡೆಯ ಹತ್ತಿರ ಬಂದು ನಿಂತು ಕಣ್ಣು ತುಂಬಿಕೊಂಡರು. ಎರಡು ದಿನ ನುಗ್ಗೆಕಾಯಿ ಕಟ್ಟುಗಟ್ಟಲೆ ಬಂತು. ಮೂರನೆಯ ದಿನ ಅವರಿಗೇ ಬೇಸರವಾಗಿ, "ಕೊಂಬೆ ನಿಮ್ಮ ಕಡೆ ಇದ್ರೂ ಬೇರು ನಮ್ಮ ಕಡೆ ಇದೆ, ಅದನ್ನ ಮರೀಬೇಡಿ" ಎಂದು ಕೆಣಕಿದರು. ಪಂಕಜಾಕ್ಷಿ ಸೊಂಟಕ್ಕೆ ಕೈಯಿಟ್ಟು ನಿಂತಳು, ಅಷ್ಟೇ. "ಏನಾದ್ರೂ ಅನ್ರೀ, ನೀವು ಹಿಂಗೆ ನಿಂತ್ರೆ ನಾನು ಜಗಳ ಹೆಂಗಾಡ್ಲಿ?" ಎಂದು ದಾಕ್ಷಾಯಣಮ್ಮ ಅಳತೊಡಗಿದರು. ಪಂಕಜಾಕ್ಷಿ ನನ್ನನ್ನು ಎಳೆದುತಂದು ಗೋಡೆಯ ಮುಂದೆ ನಿಲ್ಲಿಸಿದಳು. ಅವಳ ಕೈಸನ್ನೆ ನೋಡಿಕೊಂಡು, "ಎಲೆ ಎಲ್ಲಾ ನಮ್ಮಂಗಳಕ್ಕೆ ಉದುರತ್ತಲ್ಲ, ಅದನ್ನ ಗುಡಿಸೋಕೆ ನಿಮ್ಮ ಬೇರು ಬರತ್ತಾ?" ಎಂದೆ. ದಾಕ್ಷಾಯಣಮ್ಮನ ಮುಖ ಅರಳಿತು. ಅಂದಿನಿಂದ ಬೆಳಗಿನ ಜಗಳ ನನ್ನ ಪಾಲಿಗೆ ಬಂತು.

ಸಂಕ್ರಾಂತಿ ಹತ್ತಿರವಿತ್ತು. ಅಂಗಡಿಯಲ್ಲಿದ್ದಾಗ ನನಗೆ ಫೋನ್ ಬಂತು. "ಶ್ರೀ ಚನ್ನವೀರಪ್ಪನವರೇ, ತಮ್ಮ ದನಿಯನ್ನು ಮರುಪರಿಶೀಲಿಸಲಾಗಿದೆ. ಸಂತೋಷದ ಸಂಗತಿ. ಇದು ಇಲ್ಲವಾದರೆ ಈಗ ಬಹಳ ಜನಕ್ಕೆ ಗೊತ್ತಾಗುತ್ತದೆ. ತಾವು ಒಪ್ಪಿದಲ್ಲಿ ತಮ್ಮ ಶ್ರೀಮತಿಯವರ ಉಳಿದ ಬಾಕಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಬಹುದು. ಅವರಿಗೆ ಕೇಳಿಸುವಂತೆ ಹೇಳಿದರೆ ಸಾಕು."

ಅಂದು ಚಪ್ಪಲಿ ಮೆಟ್ಟಿಕೊಂಡು ಓಡಿದ್ದವನು ಈಗ ಏನಂದೆ ಗೊತ್ತೇ? "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಹಬ್ಬದ ಮಾರನೆಯ ದಿನ ಮೌನೇಶಾಚಾರ್ಯರ ಮನೆಗೆ ಹೋಗಿ ಹೇಳಬೇಕಾದ ಒಂದು ಒಳ್ಳೆಯ ಪ್ರಸಂಗವಿತ್ತು, ಗೋಡೆಯ ಜಗಳದಲ್ಲಿ ಒಂದು ಉತ್ತರ ಬಾಕಿಯಿತ್ತು. ಯುಗಾದಿಗೇನು, ಬಂದೇ ಬರುತ್ತದೆ. ಪಂಕಜಾಕ್ಷಿಗೂ ಅಭ್ಯಾಸವಾಗಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೆ ಫೋನಿನ ವಿಷಯ ತಿಳಿಸಲಿಲ್ಲ, ಬುದ್ಧಿರಾಯ ಮನೆಯಲ್ಲಿದ್ದಾಗ ಮತ್ತೆ ಮತ್ತೆ ಕೇಳಿದರೂ ಹೊರಗೆ ಹೋಗಿ ಅದನ್ನೇ ಹೇಳಿ ಬಂದೆ. ಅಷ್ಟೆಲ್ಲ ಮಾತಾಡುವವನು ಅದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.

ಹಬ್ಬದ ಬೆಳಿಗ್ಗೆ ನಾನು ಗೋಡೆಯ ಹತ್ತಿರ ನಿಂತು ದಾಕ್ಷಾಯಣಮ್ಮನಿಗೆ ಗಿರಣಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತಿದ್ದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹೇಳಿ ಮುಗಿಸಿ, ಸಿಹಿ ಪೊಂಗಲ್ ಆಯಿತೇ ನೋಡೋಣವೆಂದು ಒಳಗೆ ಬಂದೆ. ಪಾತ್ರೆ ನೆಲದ ಮೇಲೆ ಮಗುಚಿಬಿದ್ದಿತ್ತು. ಪಂಕಜಾಕ್ಷಿ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತಿದ್ದಳು. ಅಂಗೈಯಿಂದ ಮೊಣಕೈವರೆಗೆ ಕೆಂಪಗೆ ಬೆಂದಿತ್ತು. ಬಾಯಿ ಪೂರ್ತಿ ತೆರೆದಿತ್ತು, ಕುತ್ತಿಗೆಯ ನರಗಳು ಉಬ್ಬಿದ್ದವು. ಅವಳು ಕೂಗುತ್ತಿದ್ದಳು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ. ಅಡಿಗೆಮನೆಯಲ್ಲಿ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ, ನನ್ನ ಮಾತಿನ ಗಲಾಟೆಯಲ್ಲಿ ಪಾತ್ರೆ ಬಿದ್ದದ್ದೂ ನನಗೆ ಕೇಳಿಸಿರಲಿಲ್ಲ.

ನನಗೆ ಆದ ನಾಚಿಕೆಯನ್ನೂ ದುಃಖವನ್ನೂ ಬರೆಯುವುದು ಕಷ್ಟ. ಜೇಬಿನಿಂದ ಫೋನು ತೆಗೆದು ಬುದ್ಧಿರಾಯನನ್ನು ಕರೆದು ಒಲೆಯ ಕಟ್ಟೆಯ ಮೇಲಿಟ್ಟೆ. ಅವಳಿಗೆ ತಕ್ಷಣ ಅರ್ಥವಾಯಿತು. ಬೇಡ ಬೇಡ ಎಂದು ತಲೆಯಾಡಿಸಿದಳು. ಒದ್ದೆಯಾಗಿದ್ದ ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದಳು. ಮದುವೆಯಾದಾಗಿನಿಂದ ಅವಳನ್ನು ನಾನು ಹೆಸರು ಹಿಡಿದು ಕರೆದವನಲ್ಲ, ಏ ಎಂದೋ ಕೇಳಿತಾ ಎಂದೋ ನಡೆದುಹೋಗಿತ್ತು. ಊರಿನ ಹಾಸಿಗೆ ಹಾಸಿಗೆಯ ಮುಂದೆ ಆಡಿದ್ದ ಮಾತನ್ನು ಅವಳಿಗೆ ಒಂದು ಸಲವೂ ಅಂದಿರಲಿಲ್ಲ. ಅವಳ ಬೆರಳುಗಳ ಸಂದಿಯಿಂದಲೇ ಹೇಳಿದೆ. "ಪಂಕಜಾ, ನಿನ್ನ ನೋವು ನನಗಿರಲಿ. ಬಾಯಿಮಾತಲ್ಲ."

"ಧನ್ಯವಾದ," ಎಂದಿತು ಕಟ್ಟೆಯ ಮೇಲಿನ ಫೋನು. "ಈಗಿನಿಂದಲೇ ಜಾರಿಗೆ ಬಂದಿದೆ."

"ಅಮ್ಮಾ!" ಎಂದು ಅವಳು ಕಿರುಚಿದ್ದಕ್ಕೆ ಗೋಡೆಯಾಚೆ ದಾಕ್ಷಾಯಣಮ್ಮ ಏನೋ ಬೀಳಿಸಿದರು. ಆಮೇಲೆ ಶುರುವಾಯಿತು. "ಬುದ್ಧಿ ಇದೆಯೇನ್ರೀ ನಿಮಗೆ? ಯಾರನ್ನ ಕೇಳಿ ಒಪ್ಕೊಂಡ್ರಿ? ಇಷ್ಟು ದಿನ ತಡ್ಕೊಂಡೋಳು ಯುಗಾದಿವರೆಗೆ ತಡ್ಕೋತಿರ್ಲಿಲ್ವಾ? ಮೊನ್ನೆಯಿಂದ ಫೋನ್ ಬಂದಾಗೆಲ್ಲ ಹೊರಗೆ ಹೋಗ್ತಿದ್ರಲ್ಲ, ಇದೇನಾ ವಿಷಯ? ನಾಳೆ ಆಚಾರ್ಯರ ಮನೇಲಿ ಏನಂತ ಹೇಳ್ಲಿ ನಾನು? ಗಿರಣಿ ಕಥೆ ಅವರಿಗೂ ಹೇಳ್ತೀನಿ ಅಂದಿದ್ರಿ, ಅದರ ಕೊನೆ ನನಗೆಲ್ಲಿ ಗೊತ್ತು? ಹೇಳಿ, ಏನಾದ್ರೂ ಹೇಳಿ."

ನಾನು ಬಾಯಿ ತೆರೆದೆ. ಸುಟ್ಟ ಕೈಗೆ ಹಚ್ಚಲು ಬೆಣ್ಣೆ ಎಲ್ಲಿದೆ ಎಂದು ಕೇಳಬೇಕಿತ್ತು. ಉಸಿರು ಮಾತ್ರ ಬಂತು.

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ದನಿ ಒಮ್ಮೆಗೇ ಇಳಿದುಹೋಯಿತು.

"ಈಗ ತಾನೇ ಮಾತಾಡೋದು ಕಲ್ತಿದ್ರಲ್ರೀ," ಎಂದಳು.